ಮಗನ ಪ್ರತಿಜ್ಞೆ, ತಾಯಿಯ ಮಾತು

ಹೆಮ್ಮಾಡಿಯ ಗದ್ದೆಗಳಲ್ಲಿ ಸೇವಂತಿಗೆ ಅರಳಿ, ಮಾರಣಕಟ್ಟೆಯ ಜಾತ್ರೆಗೆ ಹೂವು ಕೊಯ್ದು ಮುಗಿದ ಮರುವಾರದ ಮಾತು. ಆದಿತ್ಯವಾರದ ಪೂಜೆ ಮುಗಿಸಿ ಹೊರಗೆ ಬಂದಾಗ ಆ ಊರಿನ ತಾಯಿಯೊಬ್ಬರು ನಮ್ಮನ್ನು ಬದಿಗೆ ಕರೆದು ಮನೆಯ ಕಷ್ಟವನ್ನು ಹೇಳಿಕೊಂಡರು. ಅವರ ಮಗ ಗಾರೆ ಕೆಲಸಕ್ಕೆ ಹೋಗುವವನು. ಕೈ ಚುರುಕು, ಮನಸ್ಸು ಮೃದು. ಆದರೆ ಶನಿವಾರದ ಬಟವಾಡೆ ಮನೆ ಸೇರುವ ಮೊದಲೇ ಹೆದ್ದಾರಿಯ ಬದಿಯಲ್ಲಿ ಕರಗಿ ಹೋಗುತ್ತದೆ. ತಾಯಿ ಬೈದು ನೋಡಿದ್ದಾರೆ, ಅತ್ತು ನೋಡಿದ್ದಾರೆ, ಅಲ್ತಾರಿನ ಮುಂದೆ ಆಣೆ ಹಾಕಿಸಿದ್ದಾರೆ, ಒಂದು ತಿಂಗಳು ಮಾತೇ ಬಿಟ್ಟಿದ್ದಾರೆ. ಯಾವುದೂ ಫಲ ಕೊಡಲಿಲ್ಲ. ಇನ್ನು ತಾವು ಆಡದೆ ಉಳಿದ ಮಾತು ಯಾವುದು ಎಂಬುದೇ ಅವರ ಪ್ರಶ್ನೆಯಾಗಿತ್ತು.

ಆ ಕ್ಷಣಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ನಮಗೆ ನೆನಪಾದದ್ದು ಇನ್ನೊಬ್ಬ ತಾಯಿ. ಆಕೆ ಐರ್ಲೆಂಡ್ ದೇಶದ ಡಬ್ಲಿನ್ ನಗರದವರು. ಆಕೆಯ ಮಗನೂ ಗಾರೆಯವರ ಕೈಕೆಳಗೆ ದುಡಿದ ಕೂಲಿ, ಆತನ ಬಟವಾಡೆಯೂ ಮನೆ ಸೇರುತ್ತಿರಲಿಲ್ಲ. ಮಗನ ಹೆಸರನ್ನು ಇಂದು ಜಗತ್ತಿನ ಕಥೋಲಿಕರೆಲ್ಲ ಬಲ್ಲರು. ತಾಯಿಯ ಹೆಸರನ್ನು ಬಲ್ಲವರು ಕಡಿಮೆ. ಪೂಜ್ಯ ಮ್ಯಾಟ್ ಟಾಲ್ಬಟ್ ಮತ್ತು ಅವರ ತಾಯಿ ಎಲಿಜಬೆತ್ ಇವರಿಬ್ಬರ ಬದುಕನ್ನು ಈ ವಾರ ಓದುಗರ ಮುಂದಿಡುತ್ತಿದ್ದೇವೆ.

ಮ್ಯಾಟ್ ಹುಟ್ಟಿದ್ದು 1856ರ ಮೇ 2ರಂದು, ಡಬ್ಲಿನ್ನಿನ ನಾರ್ತ್ ಸ್ಟ್ರಾಂಡ್ ಎಂಬ ಬಡವರ ಕೇರಿಯಲ್ಲಿ. ಚಾರ್ಲ್ಸ್ ಮತ್ತು ಎಲಿಜಬೆತ್ ದಂಪತಿಗೆ ಜನಿಸಿದ 12 ಮಕ್ಕಳಲ್ಲಿ ಅವನು ಎರಡನೆಯವನು. ತಂದೆಗೆ ಬಂದರಿನಲ್ಲಿ ಕೆಲಸ. ಅವರೂ ಕುಡಿತಕ್ಕೆ ಒಲಿದವರೇ ಆಗಿದ್ದರು. ಸಂಪಾದನೆ ಸಾಲದೆ ಸಂಸಾರವು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯಿತು. ಹತ್ತು ಹನ್ನೆರಡು ವರ್ಷಗಳ ಹಿಂದೆಯಷ್ಟೇ ಭೀಕರ ಕ್ಷಾಮವನ್ನು ಕಂಡ ದೇಶವದು. ಅಲ್ಲಿನ ಬಡವರಿಗೆ ದುಡಿಮೆಯ ಕೊನೆಯಲ್ಲಿ ಬೆಳಕು, ಬೆಂಕಿಯ ಬಿಸಿ ಮತ್ತು ನಾಲ್ಕು ಜನರ ಸಂಗ ದೊರೆಯುತ್ತಿದ್ದ ಸ್ಥಳವೆಂದರೆ ಮದ್ಯದಂಗಡಿಯೊಂದೇ. ನಮ್ಮ ಗಡಂಗುಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

ಕ್ರೈಸ್ತ ಸಹೋದರರ ಶಾಲೆಯಲ್ಲಿ ಅಲ್ಪಸ್ವಲ್ಪ ಓದುಬರಹ ಕಲಿತ ಬಾಲಕನು 12ನೆಯ ವಯಸ್ಸಿಗೇ ಕೆಲಸಕ್ಕೆ ಸೇರಿದನು. ಕೆಲಸ ದೊರೆತದ್ದು ಮದ್ಯವನ್ನು ಸೀಸೆಗೆ ತುಂಬುವ ಒಂದು ವ್ಯಾಪಾರ ಸಂಸ್ಥೆಯಲ್ಲಿ. ಸೀಸೆಯ ತಳದಲ್ಲಿ ಉಳಿದುದನ್ನು ರುಚಿ ನೋಡುವುದರಿಂದ ಚಟ ಅಂಟಿತು. ಹುಡುಗ ತೂರಾಡುತ್ತ ಮನೆಗೆ ಬಂದುದನ್ನು ಕಂಡ ತಂದೆ ಅವನನ್ನು ಶಿಕ್ಷಿಸಿ, ಕಣ್ಣಳತೆಯಲ್ಲಿರಲೆಂದು ತಾನು ದುಡಿಯುವ ಬಂದರಿನಲ್ಲೇ ಕೆಲಸಕ್ಕೆ ಹಚ್ಚಿದರು. ಅಲ್ಲಿದ್ದುದು ವಿಸ್ಕಿಯ ದಾಸ್ತಾನು! ಬೀರಿನಿಂದ ವಿಸ್ಕಿಗೆ ಬಡ್ತಿ ದೊರೆತಂತಾಯಿತು. ಕೊನೆಗೆ ಮ್ಯಾಟ್ ಆ ಕೆಲಸವನ್ನೂ ಬಿಟ್ಟು, ಕಟ್ಟಡ ಕಟ್ಟುವವರಿಗೆ ಇಟ್ಟಿಗೆ, ಗಾರೆ ಹೊತ್ತುಕೊಡುವ ಕೂಲಿಯಾದನು.

ಹನ್ನೆರಡರಿಂದ ಇಪ್ಪತ್ತೆಂಟರವರೆಗೆ, ಪೂರ್ತಿ 16 ವರ್ಷಗಳ ಕಾಲ ಅವನು ಕುಡಿತದ ದಾಸನಾಗಿಯೇ ಬದುಕಿದನು. ಕೆಲಸದಲ್ಲಿ ಸೋಮಾರಿಯಾಗಿರಲಿಲ್ಲ. ಆದರೆ ಶನಿವಾರದ ಕೂಲಿಯನ್ನು ಹಾಗೆಯೇ ಮದ್ಯದಂಗಡಿಯವನ ಕೈಗಿತ್ತು, ಅದು ತೀರುವವರೆಗೆ ಕುಡಿಯುವುದು ರೂಢಿಯಾಯಿತು. ಹಣ ತೀರಿದಾಗ ಕಾಲಿನ ಬೂಟುಗಳನ್ನು ಅಡವಿಟ್ಟು ಬರಿಗಾಲಲ್ಲಿ ಮನೆಗೆ ಬಂದ ದಿನಗಳೂ ಇದ್ದವು. ಒಮ್ಮೆ ಗೆಳೆಯರೊಡನೆ ಸೇರಿ, ಬೀದಿಯಲ್ಲಿ ಪಿಟೀಲು ಬಾರಿಸಿ ಹೊಟ್ಟೆ ಹೊರೆಯುತ್ತಿದ್ದ ಬಡಪಾಯಿಯೊಬ್ಬನ ಪಿಟೀಲನ್ನೇ ಕದ್ದು ಮಾರಿ ಕುಡಿದನು. ಈ ಒಂದು ಪಾಪವು ಅವನನ್ನು ಜೀವನದ ಕೊನೆಯವರೆಗೂ ಬೆನ್ನಟ್ಟಿತು. ಇಷ್ಟಾದರೂ ಆದಿತ್ಯವಾರದ ಪೂಜೆಯನ್ನು ಮಾತ್ರ ಅವನು ಪೂರ್ತಿಯಾಗಿ ತೊರೆದಿರಲಿಲ್ಲವೆಂದು ಅವನ ಜೀವನಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಪಾಪನಿವೇದನೆ ಮತ್ತು ಪರಮ ಪ್ರಸಾದದಿಂದ ದೂರವಾಗಿದ್ದ ಮನುಷ್ಯನ ಎದೆಯಲ್ಲಿ ಎಲ್ಲಿಯೋ ಒಂದು ಎಳೆ ಕಡಿಯದೆ ಉಳಿದಿತ್ತು.

ಈ 16 ವರ್ಷಗಳಲ್ಲಿ ಎಲಿಜಬೆತ್ ಪಟ್ಟ ಪಾಡನ್ನು ಓದುಗರು ಊಹಿಸಬಲ್ಲರು. ಗಂಡನೂ ಕುಡಿಯುವವನು, ಗಂಡುಮಕ್ಕಳಲ್ಲಿ ಹೆಚ್ಚಿನವರೂ ಅದೇ ದಾರಿ ಹಿಡಿದವರು. ಆಕೆಯು ಪ್ರಾರ್ಥನೆಯನ್ನು ಬಿಟ್ಟವರಲ್ಲ, ಮಗನಿಗೆ ಬಾಗಿಲು ಮುಚ್ಚಿದವರೂ ಅಲ್ಲ. ಆದರೂ ಮಗ ತಿರುಗಲಿಲ್ಲ. ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಗ ಕುಡಿಯುತ್ತಿದ್ದಾನೆಂದರೆ ತಾಯಿಯ ಪ್ರಾರ್ಥನೆಯಲ್ಲಿ ಕೊರತೆಯಿದೆ, ಹೆಂಡತಿಯ ನಡತೆಯಲ್ಲಿ ದೋಷವಿದೆ ಎಂದು ಹೇಳುವ ನಾಲಗೆಗಳು ನಮ್ಮ ಊರುಗಳಲ್ಲಿಯೂ ಇವೆ. ಪ್ರೀತಿಯಿದ್ದ ಮನೆಯಲ್ಲಿಯೂ, ಪ್ರಾರ್ಥನೆಯಿದ್ದ ಮನೆಯಲ್ಲಿಯೂ ಈ ರೋಗ 16 ವರ್ಷ ನಿಂತಿತ್ತೆಂಬುದನ್ನು ಅವರು ತಿಳಿಯಬೇಕು.

1884ರ ಒಂದು ಶನಿವಾರ. ಮ್ಯಾಟ್‌ಗೆ ಆಗ 28 ವರ್ಷ. ಆ ವಾರವೆಲ್ಲ ಕುಡಿದು ಕೆಲಸಕ್ಕೆ ಹೋಗದಿದ್ದುದರಿಂದ ಕೈಯಲ್ಲಿ ಕಾಸಿರಲಿಲ್ಲ. ಬಟವಾಡೆ ಪಡೆದು ಬರುವ ಗೆಳೆಯರಲ್ಲಿ ಯಾರಾದರೂ ಒಳಗೆ ಕರೆದಾರೆಂದು ಮದ್ಯದಂಗಡಿಯ ಹತ್ತಿರದ ಮೂಲೆಯಲ್ಲಿ ನಿಂತು ಕಾದನು. ತನ್ನಲ್ಲಿ ಹಣವಿದ್ದಾಗ ಎಲ್ಲರಿಗೂ ಧಾರಾಳವಾಗಿ ಕುಡಿಸಿದವನು ಅವನು. ಗೆಳೆಯರು ಒಬ್ಬೊಬ್ಬರಾಗಿ ಬಂದರು, ಕುಶಲ ಕೇಳಿದರು, ಮುಂದಕ್ಕೆ ಹೋದರು. ಒಬ್ಬನೂ ಒಳಗೆ ಕರೆಯಲಿಲ್ಲ. ಬೀದಿಯ ಮೂಲೆಯಲ್ಲಿ ಆದ ಆ ಅವಮಾನವು, ಮನೆಯೊಳಗಿನ ವರ್ಷಗಟ್ಟಲೆಯ ಕಣ್ಣೀರು ಮಾಡದ ಕೆಲಸವನ್ನು ಮಾಡಿತು. ಅವನು ಹಿಂದಿರುಗಿ ಮನೆಯ ದಾರಿ ಹಿಡಿದನು.

ಮಧ್ಯಾಹ್ನದ ಹೊತ್ತಿಗೇ, ಅದೂ ಕುಡಿಯದೆ, ಮನೆಗೆ ಬಂದ ಮಗನನ್ನು ಕಂಡು ತಾಯಿಗೆ ಆಶ್ಚರ್ಯವಾಯಿತು. ಊಟವಾದ ಮೇಲೆ ಮಗನು, ತಾನು ಹೋಗಿ ಮದ್ಯತ್ಯಾಗದ ಪ್ರತಿಜ್ಞೆ ಮಾಡುವೆನೆಂದು ತಾಯಿಗೆ ತಿಳಿಸಿದನು. ಎಲಿಜಬೆತ್ ಕೊಟ್ಟ ಉತ್ತರ ಒಂದೆರಡು ವಾಕ್ಯಗಳದ್ದು. ದೇವರ ಹೆಸರಿನಲ್ಲಿ ಹೋಗಿ ಬಾ ಎಂದರು. ಆದರೆ ಪಾಲಿಸುವ ಮನಸ್ಸಿದ್ದರೆ ಮಾತ್ರ ಪ್ರತಿಜ್ಞೆ ಮಾಡು, ಇಲ್ಲವಾದರೆ ಬೇಡ ಎಂದರು. ಅವನು ಹೊಸ್ತಿಲು ದಾಟುವಾಗ, ಅದನ್ನು ಪಾಲಿಸುವ ಬಲವನ್ನು ದೇವರು ಕೊಡಲಿ ಎಂದು ಹರಸಿದರು.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ನಮ್ಮ ವಿನಂತಿ. ಆ ತಾಯಿಯ ಬಾಯಲ್ಲಿ ಆಗ ಎಷ್ಟೋ ಮಾತುಗಳು ಬರಬಹುದಾಗಿತ್ತು. 16 ವರ್ಷಗಳ ಲೆಕ್ಕವನ್ನು ತೆಗೆದು ಮುಂದಿಡಬಹುದಾಗಿತ್ತು. ಇಂಥ ಮಾತು ಎಷ್ಟು ಸಲ ಕೇಳಿಲ್ಲ ಎಂದು ನಗಬಹುದಾಗಿತ್ತು. ಸಂತೋಷದ ಭರದಲ್ಲಿ ಜನ್ಮಪೂರ್ತಿಯ ಆಣೆಯನ್ನು ಬಲವಂತವಾಗಿ ಹಾಕಿಸಿಕೊಳ್ಳಬಹುದಾಗಿತ್ತು. ಆಕೆ ಇವಾವುದನ್ನೂ ಮಾಡಲಿಲ್ಲ. ಮಗನ ನಿರ್ಧಾರವನ್ನು ಮಗನಿಗೇ ಬಿಟ್ಟರು. ಅದರ ತೂಕ ಎಷ್ಟೆಂಬುದನ್ನು ಮರೆಮಾಚದೆ ಹೇಳಿದರು. ಅವನೊಬ್ಬನಿಂದ ಆಗದ್ದಕ್ಕೆ ದೇವರ ಬಲವನ್ನು ಬೇಡಿದರು. ಇಷ್ಟು ಪುಟ್ಟ ಮಾತಿನಲ್ಲಿ ಗೌರವ, ಸತ್ಯ, ಭರವಸೆ ಮೂರೂ ಇದ್ದವು. ಮಾತಾಡಿದ ಹೊತ್ತೂ ಸರಿಯಾಗಿತ್ತು: ಮಗ ಅಮಲಿನಲ್ಲಿರಲಿಲ್ಲ, ಹೊಟ್ಟೆ ತುಂಬಿತ್ತು, ಮಾತನ್ನು ಮೊದಲು ತೆಗೆದವನು ಅವನೇ.

ಮ್ಯಾಟ್ ನೇರವಾಗಿ ಕ್ಲಾನ್‌ಲಿಫ್‌ನ ಹೋಲಿ ಕ್ರಾಸ್ ಗುರುಮಠಕ್ಕೆ ಹೋಗಿ ಅಲ್ಲಿನ ಗುರುವೊಬ್ಬರಲ್ಲಿ ಪಾಪನಿವೇದನೆ ಮಾಡಿ ಪ್ರತಿಜ್ಞೆ ಸ್ವೀಕರಿಸಿದರು. ಆ ಪ್ರತಿಜ್ಞೆ ಮೂರು ತಿಂಗಳದ್ದು ಮಾತ್ರ. ಮೂರು ತಿಂಗಳು ಮುಗಿದಾಗ ಆರು ತಿಂಗಳಿಗೆ ಮುಂದುವರಿಸಿದರು. ಆ ಬಳಿಕವೇ ಜೀವನಪೂರ್ತಿಯ ಪ್ರತಿಜ್ಞೆ. ಎತ್ತಬಲ್ಲಷ್ಟು ಹೊರೆಯನ್ನೇ ಹೊತ್ತುದರಿಂದ ಅವರು ದಾರಿಯಲ್ಲಿ ಕುಸಿಯಲಿಲ್ಲ.

ಆ ಮೊದಲ ಮೂರು ತಿಂಗಳು ಸುಲಭವಾಗಿರಲಿಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ ಎಲ್ಲಿಗೆ ಹೋಗುವುದು ಎಂಬುದೇ ದೊಡ್ಡ ಸಮಸ್ಯೆಯಾಯಿತು. ಹಳೆಯ ಗೆಳೆಯರ ಕಣ್ಣಿಗೆ ಬೀಳದಿರಲು ದೂರದ ಇಗರ್ಜಿಗಳಿಗೆ ನಡೆದು, ಅಲ್ಲಿ ಕತ್ತಲಾಗುವವರೆಗೆ ಕುಳಿತಿರುತ್ತಿದ್ದರು. ಒಂದು ದಿನ ಆಸೆ ತಡೆಯಲಾರದೆ ಮದ್ಯದಂಗಡಿಯೊಂದರ ಒಳಗೆ ಹೋಗಿ ನಿಂತುಬಿಟ್ಟರು. ಅಂಗಡಿಯವನು ಬೇರೆ ಗಿರಾಕಿಗಳ ಗದ್ದಲದಲ್ಲಿ ಇವರನ್ನು ಗಮನಿಸಲಿಲ್ಲ. ಅಷ್ಟರಲ್ಲಿ ಎಚ್ಚೆತ್ತು ಹೊರಬಿದ್ದ ಮ್ಯಾಟ್, ಅಂದಿನಿಂದ ಜೇಬಿನಲ್ಲಿ ಹಣವಿಟ್ಟುಕೊಂಡು ತಿರುಗುವುದನ್ನೇ ಬಿಟ್ಟರು. ಕೆಟ್ಟ ಮಾತಿನ ಅಭ್ಯಾಸವನ್ನು ಬಿಡಲು ಕೋಟಿನ ತೋಳಿಗೆ ಎರಡು ಗುಂಡುಸೂಜಿಗಳನ್ನು ಶಿಲುಬೆಯಾಕಾರದಲ್ಲಿ ಸಿಕ್ಕಿಸಿಕೊಂಡರು. ಮನಸ್ಸಿನ ಮೇಲೆ ಮಾತ್ರ ಭಾರ ಹಾಕದೆ, ಜೇಬನ್ನೂ ದಾರಿಯನ್ನೂ ಸಂಜೆಯ ಹೊತ್ತನ್ನೂ ಬದಲಿಸಿಕೊಂಡ ಈ ಜಾಣತನವನ್ನು ನಾವು ಗಮನಿಸಬೇಕು.

ಪ್ರತಿಜ್ಞೆ ಮಾಡಿದ ಮೇಲಿನ 41 ವರ್ಷಗಳು ಹೊರನೋಟಕ್ಕೆ ಒಂದೇ ತೆರನಾದವು. ಮುಂಜಾನೆಯೇ ಪೂಜೆ, ಬಳಿಕ ಮರದ ಡಿಪೋದಲ್ಲಿ ಕೂಲಿ ಕೆಲಸ, ಸಂಜೆ ಪ್ರಾರ್ಥನೆ, ರಾತ್ರಿ ಓದು. ಅಕ್ಷರ ಕೂಡಿಸಿ ಓದುವುದೇ ಕಷ್ಟವಾಗಿದ್ದ ಮನುಷ್ಯ ಸಂತರ ಚರಿತ್ರೆಗಳನ್ನೂ ಧ್ಯಾನಗ್ರಂಥಗಳನ್ನೂ ನಿಧಾನವಾಗಿ ಓದಿ, ಅರ್ಥವಾಗದ್ದನ್ನು ಗುರುಗಳಲ್ಲಿ ಕೇಳಿ ತಿಳಿದರು. ಸಂತ ಫ್ರಾನ್ಸಿಸರ ಮೂರನೆಯ ಸಭೆಗೆ ಸೇರಿದರು. ಮಲಗುತ್ತಿದ್ದುದು ಹಲಗೆಯ ಮೇಲೆ, ತಲೆಗೆ ಮರದ ತುಂಡು. ಗುಪ್ತವಾಗಿ ಮೈಮೇಲೆ ಸರಪಳಿ ಧರಿಸುತ್ತಿದ್ದುದೂ ಉಂಟು. ಇಂಥ ಕಠಿಣ ತಪಸ್ಸನ್ನು ಯಾರೂ ಅನುಕರಿಸಬೇಕಾಗಿಲ್ಲ. ಒಂದು ಕಾಲಕ್ಕೆ ಮದ್ಯದ ಸರಪಳಿಯಲ್ಲಿ ಬಿಗಿದಿದ್ದ ದೇಹವನ್ನು ಅವರು ತಮ್ಮದೇ ರೀತಿಯಲ್ಲಿ ದೇವರಿಗೆ ಒಪ್ಪಿಸಿದರೆಂದು ತಿಳಿದರೆ ಸಾಕು.

ಜನರೊಡನೆ ಅವರು ಮುಖ ಸಿಂಡರಿಸಿಕೊಂಡು ಬದುಕಿದವರಲ್ಲ. ಹಳೆಯ ಸಾಲಗಳನ್ನು ಒಂದೊಂದಾಗಿ ತೀರಿಸಿದರು. ಪಿಟೀಲಿನವನನ್ನು ನಗರದ ಬೀದಿಬೀದಿಗಳಲ್ಲಿ ವರ್ಷಗಟ್ಟಲೆ ಹುಡುಕಿದರು. ಸಿಗದಿದ್ದಾಗ ಅವನ ಆತ್ಮದ ಸಲುವಾಗಿ ಪೂಜೆಗಳನ್ನು ಅರ್ಪಿಸಿದರು. 1913ರಲ್ಲಿ ಡಬ್ಲಿನ್ನಿನ ಮಾಲೀಕರು ಕಾರ್ಮಿಕರನ್ನು ಹೊರಗಟ್ಟಿ ಬಾಗಿಲು ಹಾಕಿದಾಗ ಜೊತೆಗಾರರ ಪರವಾಗಿ ನಿಂತರು, ಮಕ್ಕಳೊಂದಿಗರಾದ ಬಡ ಕೆಲಸಗಾರರಿಗೆ ತಮ್ಮ ಪಾಲಿನದನ್ನು ಹಂಚಿದರು. ಮಿಷನ್ ಕಾರ್ಯಗಳಿಗೂ ತಮ್ಮ ಕೂಲಿಯಿಂದ ಹಣ ಕಳುಹಿಸುತ್ತಿದ್ದರು.

ತಂದೆಯ ಮರಣದ ನಂತರ ಎಲಿಜಬೆತ್ ಈ ಮಗನ ಚಿಕ್ಕ ಕೋಣೆಗೇ ಬಂದು ನೆಲೆಸಿದರು. ಒಂದು ಕಾಲದಲ್ಲಿ ರಾತ್ರಿಯೆಲ್ಲ ಬಾಗಿಲಿನತ್ತ ಕಿವಿಯಾನಿಸಿ ಕಾಯುತ್ತಿದ್ದ ತಾಯಿ, ಈಗ ನಡುರಾತ್ರಿ ಕಣ್ತೆರೆದರೆ ಮೊಣಕಾಲೂರಿ ಪ್ರಾರ್ಥಿಸುವ ಮಗನನ್ನು ಕಾಣುತ್ತಿದ್ದರು. 1915ರಲ್ಲಿ ಆಕೆ ತೀರಿಕೊಳ್ಳುವವರೆಗೆ ಮಗನೇ ಜೊತೆಗಿದ್ದರು.

1923ರಿಂದ ಮ್ಯಾಟ್ ಅವರ ಆರೋಗ್ಯ ಕೆಟ್ಟಿತು. ಕೆಲಸಕ್ಕೆ ಹೋಗಲಾಗದೆ ಬಡತನದಲ್ಲಿ ದಿನ ಕಳೆದರು. 1925ರ ಜೂನ್ 7, ಪರಮ ತ್ರಿತ್ವದ ಹಬ್ಬದ ಆದಿತ್ಯವಾರ, ಪೂಜೆಗೆಂದು ಡೊಮಿನಿಕನ್ ಗುರುಗಳ ಇಗರ್ಜಿಯತ್ತ ನಡೆದು ಹೋಗುತ್ತಿದ್ದಾಗ ಗ್ರಾನ್ಬಿ ಲೇನ್ ಎಂಬ ಓಣಿಯಲ್ಲಿ ಕುಸಿದು ಬಿದ್ದು ಪ್ರಾಣಬಿಟ್ಟರು. ಯಾರೆಂದು ಗುರುತಿಸುವವರೂ ಆಗ ಸುತ್ತಲಿರಲಿಲ್ಲ. ಆಸ್ಪತ್ರೆಯಲ್ಲಿ ದೇಹದ ಮೇಲಿನ ಸರಪಳಿಗಳನ್ನು ಕಂಡಾಗಲೇ ಈ ಕೂಲಿಯಾಳಿನ ಗುಪ್ತ ಜೀವನ ಲೋಕಕ್ಕೆ ತಿಳಿದದ್ದು. 1972ರಲ್ಲಿ ಅವರ ಪಾರ್ಥಿವ ಅವಶೇಷಗಳನ್ನು ಡಬ್ಲಿನ್ನಿನ ಲೂರ್ದು ಮಾತೆಯ ಇಗರ್ಜಿಗೆ ತರಲಾಯಿತು. 1975ರಲ್ಲಿ ಆರನೆಯ ಪೌಲ್ ಪಾಪು ಅವರು ಮ್ಯಾಟ್ ಟಾಲ್ಬಟ್‌ರನ್ನು ಪೂಜ್ಯರೆಂದು ಘೋಷಿಸಿದರು. ಇದು ಸಂತ ಪದವಿಯ ಹಾದಿಯಲ್ಲಿ ಒಂದು ಮೆಟ್ಟಿಲು. ಕುಡಿತದಿಂದ ಬಿಡುಗಡೆ ಬಯಸುವವರು ಲೋಕದ ಎಲ್ಲೆಡೆ ಅವರನ್ನು ಸ್ಮರಿಸುತ್ತಾರೆ.

ಹೆಮ್ಮಾಡಿಯ ತಾಯಿಯ ಪ್ರಶ್ನೆಗೆ ಈಗ ಮರಳೋಣ. ಎಲಿಜಬೆತ್ ಅವರ ಬದುಕಿನಿಂದ ನಾವು ಕಲಿಯಬಹುದಾದ ಮೊದಲನೆಯ ಪಾಠವು ಹೊತ್ತಿಗೆ ಸಂಬಂಧಿಸಿದ್ದು. ಅಮಲಿನಲ್ಲಿರುವವನೊಡನೆ ವಾದ ಮಾಡಿ ಗೆದ್ದವರಿಲ್ಲ. ಮರುದಿನ ಮುಂಜಾನೆ ತಲೆ ತಿಳಿಯಾಗಿ, ಮನಸ್ಸಿನಲ್ಲಿ ನಾಚಿಕೆ ಇಣುಕುವಾಗ, ಮಕ್ಕಳೂ ನೆರೆಯವರೂ ಇಲ್ಲದ ವೇಳೆ ನೋಡಿ ಮಾತಾಡಬೇಕು. ಎರಡನೆಯದು ಮಾತಿನ ಅಳತೆ. ಹತ್ತು ವರ್ಷಗಳ ತಪ್ಪುಗಳನ್ನು ಒಟ್ಟಿಗೆ ಹೇಳುವ ಬದಲು ಕಣ್ಣಾರೆ ಕಂಡ ಒಂದೇ ಸಂಗತಿಯನ್ನು ಹೇಳಿದರೆ ಸಾಕು. ನೀನು ಕೆಟ್ಟವನು ಎನ್ನುವುದಕ್ಕಿಂತ, ನಿನ್ನೆ ರಾತ್ರಿ ನೀನು ಬರುವವರೆಗೆ ನನಗೆ ಭಯವಾಗಿತ್ತು ಎಂದರೆ ಅದು ಎದೆಗೆ ತಾಗುತ್ತದೆ. ಹೇಳಿದ ಮೇಲೆ ಅವನ ಮಾತನ್ನೂ ಕೇಳಬೇಕು. ಕೆಲಸವಿಲ್ಲದ ಚಿಂತೆಯೋ, ಸಾಲದ ಭಾರವೋ, ನಿದ್ರೆ ಬಾರದ ರಾತ್ರಿಯೋ ಕುಡಿತದ ಹಿಂದೆ ಅಡಗಿರಬಹುದು.

ಮೂರನೆಯದು ತುಸು ಕಠಿಣವಾದುದು. ಮ್ಯಾಟ್‌ನ ಕಣ್ಣು ತೆರೆಸಿದ್ದು ಖಾಲಿ ಜೇಬು. ಪ್ರೀತಿಯ ಹೆಸರಿನಲ್ಲಿ ನಾವು ಗಡಂಗಿನ ಸಾಲ ತೀರಿಸುತ್ತೇವೆ, ಕೆಲಸದ ಮೇಸ್ತ್ರಿಗೆ ಜ್ವರವೆಂದು ಸುಳ್ಳು ಹೇಳುತ್ತೇವೆ, ಕೈಗೆ ಹಣ ಕೊಡುತ್ತೇವೆ. ಇದರಿಂದ ಕುಡಿತದ ಕಹಿ ಅವನಿಗೆ ತಟ್ಟದಂತೆ ನಾವೇ ಅಡ್ಡ ನಿಂತ ಹಾಗಾಗುತ್ತದೆ. ಊಟ ಕೊಡೋಣ, ಬಾಗಿಲು ತೆರೆಯೋಣ, ಕುಡಿತಕ್ಕೆ ಹಣ ಮಾತ್ರ ಬೇಡ. ಹಾಗೆಯೇ, ಕುಡಿದು ಕೈಮಾಡುವ ಮನೆಗಳಲ್ಲಿ ತಾಯಿ ಮತ್ತು ಮಕ್ಕಳ ರಕ್ಷಣೆಯೇ ಮೊದಲು. ಹೊಡೆತವನ್ನು ಸಹಿಸಿಕೊಂಡಿರುವುದನ್ನು ಯಾರೂ ಶಿಲುಬೆಯೆಂದು ಕರೆಯಬಾರದು.

ನಾಲ್ಕನೆಯದನ್ನು ಎಲಿಜಬೆತ್ ಅವರ ಕಾಲದವರು ಅರಿತಿರಲಿಲ್ಲ. ಬಹುಕಾಲ ವಿಪರೀತ ಕುಡಿದವರು ಒಮ್ಮೆಗೇ ಬಿಟ್ಟರೆ ಒಂದೆರಡು ದಿನಗಳಲ್ಲಿ ಕೈಕಾಲು ನಡುಗಿ, ಬೆವರಿ, ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಿಸಿ ಗೊಂದಲವಾಗಬಹುದು. ಇದು ಪ್ರಾಣಕ್ಕೂ ಅಪಾಯ. ಆದುದರಿಂದ ಬಿಡುವ ಮನಸ್ಸು ಮಾಡಿದವರನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ಬಿಡಲು ಆಗದಿರುವುದು ಬರಿಯ ಹಟವೆಂದು ಇಂದು ಯಾವ ವೈದ್ಯರೂ ಹೇಳುವುದಿಲ್ಲ. ಚಿಕಿತ್ಸೆ ಬೇಕಾದ ರೋಗವಿದು. ಮಣಿಪಾಲ, ಉಡುಪಿ, ಮಂಗಳೂರಿನ ಆಸ್ಪತ್ರೆಗಳ ಮನೋರೋಗ ವಿಭಾಗಗಳಲ್ಲಿ ಅದಕ್ಕೆ ಚಿಕಿತ್ಸೆಯಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಹೊಸ ಬದುಕು ಕಂಡ ಕುಟುಂಬಗಳು ನಮ್ಮ ಕರಾವಳಿಯಲ್ಲಿವೆ. ಅಮೆರಿಕದಲ್ಲಿ 1935ರಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದ ಸಭೆಗಳಲ್ಲಿ, ಕುಡಿತ ಬಿಟ್ಟವರೇ ಬಿಡಬೇಕೆಂದಿರುವವರಿಗೆ ಜೊತೆಯಾಗುತ್ತಾರೆ. ಅದೇ ಮಾದರಿಯಲ್ಲಿ ಮನೆಯವರಿಗಾಗಿಯೇ 1951ರಲ್ಲಿ ಅಲ್-ಅನಾನ್ ಎಂಬ ಬಳಗ ಹುಟ್ಟಿತು. ಸರಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಂಖ್ಯೆ 14416. ಈ ಸಂಖ್ಯೆಗಳಿಗೆ ಮನೆಯವರೂ ಕರೆ ಮಾಡಬಹುದು.

ನಮ್ಮ ಸಮಾಜವೂ ತನ್ನನ್ನು ತಾನು ಕೇಳಿಕೊಳ್ಳಬೇಕಾದದ್ದಿದೆ. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಸೀಸೆ ಬದಲಾಯಿತು. ರೋಸ್, ಮದುವೆ, ಹಬ್ಬಗಳಲ್ಲಿ ಗ್ಲಾಸು ಮುಟ್ಟದವನನ್ನು ಗೇಲಿ ಮಾಡುವವರು ನಾವೇ. ಮೂರು ತಿಂಗಳ ಪ್ರತಿಜ್ಞೆಯಲ್ಲಿರುವ ಯುವಕನ ಕೈಗೆ ಒತ್ತಾಯದಿಂದ ಗ್ಲಾಸು ಕೊಡುವ ಬಂಧುವಿಗೆ, ತಾನು ಯಾವ ತಾಯಿಯ ಎಷ್ಟು ವರ್ಷಗಳ ಪ್ರಾರ್ಥನೆಯನ್ನು ಕೆಡಿಸುತ್ತಿದ್ದೇನೆಂಬ ಅರಿವಿರಬೇಕು. ಅವನಿಗೊಂದು ಲೋಟ ಶರಬತ್ತು ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳುವುದು ಸಹ ಧರ್ಮಕಾರ್ಯವೇ.

ಮುಂದಿನ ಆದಿತ್ಯವಾರ ನಾವು ಆ ತಾಯಿಗೆ ಈ ಕಥೆಯನ್ನು ಹೇಳಿದೆವು. ಮಗ ಖಂಡಿತ ಬಿಡುತ್ತಾನೆಂದು ಭರವಸೆ ಕೊಡುವ ಧೈರ್ಯ ನಮಗಿರಲಿಲ್ಲ. ಎಡವಿದರೂ ಅದನ್ನು ಕೊನೆಯೆಂದು ತಿಳಿಯದೆ ಮತ್ತೆ ಮೊದಲಿನಿಂದ ಆರಂಭಿಸಬೇಕೆಂದೂ, ಅವನು ತಾನಾಗಿ ಬಾಯಿ ತೆರೆಯುವ ದಿನಕ್ಕಾಗಿ ಎರಡು ಒಳ್ಳೆಯ ಮಾತುಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕೆಂದೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, ಮೂರು ತಿಂಗಳಾದರೆ ಕೇಳಬಹುದೇನೋ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಹೆಮ್ಮಾಡಿಯ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಇಂದು ಸಂಜೆ ತೇರ್ಸ್ ಹೇಳುವಾಗ ಆ ಮನೆಯನ್ನೂ, ಹೆಸರು ಹೇಳಲು ಸಂಕೋಚಪಡುವ ಇನ್ನೆಷ್ಟೋ ಮನೆಗಳನ್ನೂ ನಮ್ಮ ಕುಟುಂಬಗಳು ನೆನೆಯಲಿ ಎಂದು ಬೇಡಿಕೊಳ್ಳುತ್ತೇವೆ.